ಎಷ್ಟು ಕೊಡ್ತದೆ ಸಾ?

ನಮ್ಮ ಹಾಸನದ ಕಡೆ ಒಂದು ಪ್ರಶ್ನೆ ಇದೆ. ಅದನ್ನು ಯಾರು ಬೇಕಾದರೂ ಯಾರಿಗೆ ಬೇಕಾದರೂ ಕೇಳಬಹುದು. ಪರಿಚಯ, ನೆಂಟಸ್ತನ, ವಯಸ್ಸು ಯಾವುದೂ ಅಡ್ಡ ಬರುವುದಿಲ್ಲ. ರಸ್ತೆ ಬದಿಯಲ್ಲಿ ಕಟ್ಟಿದ ಹಸು ಕಂಡರೆ ‘ಎಷ್ಟು ಕೊಡ್ತದೆ?’ ಹೊಸದಾಗಿ ಕೊರೆಸಿದ ಬೋರ್‌ವೆಲ್ ಕಂಡರೆ ‘ಎಷ್ಟು ಕೊಡ್ತದೆ?’ ತೆಂಗಿನ ಮರ ಕಂಡರೆ ಕತ್ತು ಮೇಲಕ್ಕೆತ್ತಿ, ಹಣೆಗೆ ಕೈ ಅಡ್ಡ ಹಿಡಿದು, ‘ಎಷ್ಟು ಕೊಡ್ತದೆ?’ ಏನನ್ನು ಎಂದು ಬಿಡಿಸಿ ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಹಸುವಾದರೆ ಹಾಲು, ಮರವಾದರೆ ಕಾಯಿ, ಬೋರಾದರೆ ನೀರು. ಅಷ್ಟು ಗೊತ್ತಾಗದವನು ಈ ಜಿಲ್ಲೆಯಲ್ಲಿ ಬದುಕುವುದಾದರೂ ಹೇಗೆ? ಹೊಸ ಕಾರು ಕೊಂಡವನನ್ನೂ ಜನ ಇದೇ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ. ಎಷ್ಟು ಜನ ಕೂರಬಹುದು, ಬ್ರೇಕ್ ಹಿಡಿಯುತ್ತದೋ ಇಲ್ಲವೋ ಯಾರಿಗೂ ಬೇಡ. ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ಹಸುವಿನ ಬೆನ್ನು ಸವರಿದ ಹಾಗೆ ಒಂದು ಸಲ ಸವರಿ, ‘ಎಷ್ಟು ಕೊಡ್ತದೆ ಸಾ?’ ಎನ್ನುತ್ತಾರೆ. ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಕಿಲೋಮೀಟರ್ ಎಂಬುದು ಅದರ ಪೂರ್ಣಪಾಠ. ಈ ಒಂದು ಪ್ರಶ್ನೆ ನನ್ನನ್ನು ಏನು ಮಾಡಿಬಿಟ್ಟಿತು ಎಂಬುದನ್ನು ನಿಮ್ಮ ಹತ್ತಿರ ಹೇಳಿಕೊಳ್ಳಬೇಕು. ಬೇರೆ ಯಾರ ಹತ್ತಿರ ಹೇಳಿದರೂ ನಗುತ್ತಾರೆ. ನೀವೂ ನಗುತ್ತೀರಿ, ಆದರೆ ಅದು ನನಗೆ ಕೇಳಿಸುವುದಿಲ್ಲ.

ನಾನು ಹಾಸನದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮೇಷ್ಟ್ರು. ಸಾಲಗಾಮೆ ರಸ್ತೆಯ ಕಡೆ ಮನೆ. ಹೆಂಡತಿ ಮಂಗಳ, ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಅವಳು ದಿನಾ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಿದ್ದಳು; ನಾನು ಸ್ಕೂಟರಿನಲ್ಲಿ ಹೋಗಿ ಸ್ಕೂಟರಿನಲ್ಲಿ ಬರುತ್ತಿದ್ದೆ. ಹೀಗಿದ್ದ ನಮ್ಮ ಮನೆಗೆ ಹೈಬ್ರಿಡ್ ಕಾರು ಬಂದದ್ದು ಸಂಪೂರ್ಣವಾಗಿ ನನ್ನ ವಿಜ್ಞಾನದ ಪ್ರಭಾವದಿಂದ. ಷೋರೂಮಿನ ಹುಡುಗ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿ, “ಇದ್ರಲ್ಲಿ ಎಂಜಿನ್ನೂ ಇದೆ, ಮೋಟ್ರೂ ಇದೆ ಸಾ. ಚಾರ್ಜಿಗೆ ಹಾಕೋ ಹಂಗೇ ಇಲ್ಲ. ಬ್ರೇಕ್ ಹಾಕ್ದಾಗ್ಲೆಲ್ಲ ತಾನೇ ಚಾರ್ಜ್ ಆಗುತ್ತೆ. ಕಂಪನಿಯೋರು ಇಪ್ಪತ್ತೇಳು ಅಂತವ್ರೆ” ಎಂದ. ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದು ಒರೆಸಿದವನು ನಾನು. ಅದು ನಾಲ್ಕು ಚಕ್ರ ಹಾಕಿಕೊಂಡು ಎದುರಿಗೆ ನಿಂತಿದೆ! ನನ್ನ ಕಣ್ಣು ಒದ್ದೆಯಾಗುವುದೊಂದು ಬಾಕಿ. ಮಂಗಳ ಮಾತ್ರ ಬಾಗಿಲು ತೆಗೆದು, ಸೀಟಿನಲ್ಲಿ ಕೂತು, ಕಾಲು ಚಾಚಿ ನೋಡಿ, “ಇಪ್ಪತ್ತೇಳು ಅಂತ ಹೇಳಿದ್ರಲ್ಲ, ಕಂಪನಿಯೋರು ಎಲ್ಲಿ ಓಡಿಸಿ ನೋಡಿದ್ರಂತೆ?” ಎಂದು ಕೇಳಿದಳು. ಹುಡುಗ ತಲೆ ಕೆರೆದುಕೊಂಡ. ಕಾರನ್ನು ಕೋಣೆಯೊಳಗೆ ಉರುಳೆಗಳ ಮೇಲೆ ನಿಲ್ಲಿಸಿ, ಚಕ್ರ ಮಾತ್ರ ತಿರುಗಿಸಿ ಅಳೆಯುತ್ತಾರೆ ಎಂದು ನಾನೇ ವಿವರಿಸಿದೆ. “ಓಹೋ, ಎಲ್ಲಿಗೂ ಹೋಗದೇ ಇದ್ರೆ ಇಪ್ಪತ್ತೇಳು ಕೊಡುತ್ತೆ ಅನ್ನಿ” ಎಂದಳು. ಗಣಿತದವರ ಸಹವಾಸವೇ ಹೀಗೆ.

ಮೊದಲ ಟ್ಯಾಂಕು ಮುಗಿಯುವ ಹೊತ್ತಿಗೆ ಸತ್ಯ ಹೊರಬಂತು. ಹದಿನೆಂಟು. ಅಷ್ಟೇ. ನಾನು ಕಾರಿನ ಪುಸ್ತಕ ಓದಿದೆ, ಷೋರೂಮಿಗೆ ಹೋಗಿ ಜಗಳ ಆಡಿದೆ. “ಸಾ, ಅದು ಓಡಿಸೋರ ಮೇಲೆ ಓಗ್ತದೆ” ಎಂದ ಅದೇ ಹುಡುಗ. ಈ ಮಾತು ನನ್ನ ಎದೆಗೆ ನಾಟಿತು ನೋಡಿ. ನನ್ನ ಮೇಲೇ ಹೋಗುವುದಾದರೆ ನಾನು ಬಿಟ್ಟೇನೆಯೇ? ಅಲ್ಲಿಂದ ನನ್ನ ತಪಸ್ಸು ಶುರುವಾಯಿತು. ಸ್ಟೀರಿಂಗಿನ ಹಿಂದಿನ ಪರದೆಯಲ್ಲಿ ಒಂದು ಹಸಿರು ದೀಪ ಇದೆ. ಎಂಜಿನ್ ಮಲಗಿ ಬರೀ ಬ್ಯಾಟರಿಯಲ್ಲಿ ಕಾರು ಓಡುವಾಗ ಅದು ಹೊತ್ತಿಕೊಳ್ಳುತ್ತದೆ. ಸ್ವಲ್ಪ ಜೋರಾಗಿ ಒತ್ತಿದಿರೋ, ಎಂಜಿನ್ ಎದ್ದು ಗುರ್ ಎನ್ನುತ್ತದೆ, ದೀಪ ಆರುತ್ತದೆ. ಆ ದೀಪ ಆರದಂತೆ ಕಾಯುವುದೇ ನನ್ನ ಬಾಳಿನ ಉದ್ದೇಶವಾಯಿತು. ಪಾದಕ್ಕೆ ಸೂಕ್ಷ್ಮ ತಿಳಿಯಲಿ ಎಂದು ಚಪ್ಪಲಿ ಬಿಟ್ಟು ಓಡಿಸಿದೆ. ಬೇಸಿಗೆಯಲ್ಲಿ ಎ.ಸಿ. ಹಾಕಲಿಲ್ಲ. ಭಾರ ಕಡಿಮೆಯಾಗಲಿ ಎಂದು ಡಿಕ್ಕಿಯಲ್ಲಿದ್ದ ಕೊಡೆಯನ್ನೂ ತೆಗೆದು ಮನೆಯೊಳಗಿಟ್ಟೆ. “ನನ್ನನ್ನೂ ಇಳಿಸಿಬಿಡಿ, ಇನ್ನೊಂದೆರಡು ಬಂದಾತು” ಎಂದಳು ಮಂಗಳ. ನಾನು ಒಂದು ಕ್ಷಣ ಯೋಚಿಸಿದ್ದನ್ನು ಅವಳು ಗಮನಿಸಿದಳು ಎಂದು ಕಾಣುತ್ತದೆ, ಆವತ್ತು ನನ್ನ ಕಾಫಿಗೆ ಸಕ್ಕರೆ ಬೀಳಲಿಲ್ಲ.

ಚನ್ನರಾಯಪಟ್ಟಣದಲ್ಲಿ ಅವಳ ಚಿಕ್ಕಮ್ಮನ ಮನೆಯ ಗೃಹಪ್ರವೇಶ. ಹೆದ್ದಾರಿ ಹಾಲಿನಂಥ ರಸ್ತೆ, ಮುಕ್ಕಾಲು ಗಂಟೆಯ ದಾರಿ. ನಾನು ಎಡಬದಿ ಹಿಡಿದು, ಸೂಜಿಗೆ ದಾರ ಪೋಣಿಸುವ ಏಕಾಗ್ರತೆಯಿಂದ ನಿಧಾನವಾಗಿ ಹೊರಟೆ. ಲಾರಿಗಳು ಬೈದುಕೊಂಡು ಮುಂದೆ ಹೋದವು. ತೆಂಗಿನಕಾಯಿ ತುಂಬಿದ ಟೆಂಪೊ ಮುಂದೆ ಹೋಯಿತು. ಕೊನೆಗೆ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರೊಂದು ಹಾರನ್ ಹೊಡೆದು ನಮ್ಮನ್ನು ಹಿಂದಕ್ಕೆ ಹಾಕಿ ಹೋಯಿತು, ಹುಲ್ಲಿನ ಮೇಲೆ ಮಲಗಿದ್ದವನು ತಲೆ ಎತ್ತಿ, “ಯಾಕ್ ಸಾ, ಪಂಚರಾ?” ಎಂದು ಕಾಳಜಿಯಿಂದ ವಿಚಾರಿಸಿದ. ನಾವು ತಲುಪುವ ಹೊತ್ತಿಗೆ ಕೊನೆಯ ಪಂಕ್ತಿಯವರು ಕೈ ತೊಳೆಯುತ್ತಿದ್ದರು. ಹೋಳಿಗೆ ಮುಗಿದಿತ್ತು, ಅನ್ನ, ತಿಳಿಸಾರು, ಉಪ್ಪಿನಕಾಯಿ ಉಳಿದಿತ್ತು. “ಇಪ್ಪತ್ತೊಂದು ಬಂತು ಕಣೇ!” ಎಂದೆ ಎಲೆಯ ಮುಂದೆ ಕೂತು. ಮಂಗಳ ಸಾರು ಕಲೆಸುತ್ತಾ, “ತುಪ್ಪದ ಬದಲು ಅದನ್ನೇ ಬಡಿಸಿಕೊಳ್ಳಿ” ಎಂದಳು. ಬಡಿಸುತ್ತಿದ್ದವನು ಏನೂ ಅರ್ಥವಾಗದೆ ಇನ್ನಷ್ಟು ಉಪ್ಪಿನಕಾಯಿ ಹಾಕಿ ಹೋದ.

ಇಷ್ಟರಲ್ಲಿ ಅವಳು ಡ್ರೈವಿಂಗ್ ಸ್ಕೂಲಿಗೆ ಸೇರಿ, ಕಲಿತು, ಲೈಸೆನ್ಸ್ ತೆಗೆದುಕೊಂಡಿದ್ದಳು. ನಾನು ಸಂತೋಷಪಟ್ಟೆ, ಓಣಿಯವರಿಗೆಲ್ಲ ಸಿಹಿ ಹಂಚಿದೆ. ಆದರೆ ಸ್ಟೀರಿಂಗ್ ಕೊಡಲಿಲ್ಲ. ಹೊಸಬರ ಕಾಲು ಆಕ್ಸಿಲರೇಟರ್ ಮೇಲೆ ಭಾರ ಇರುತ್ತದೆ, ಆ್ಯವರೇಜ್ ಇಳಿಯುತ್ತದೆ ಎಂದೆ. ಈ ಆ್ಯವರೇಜ್ ಎಂಬ ಪದ ಎಷ್ಟು ಅನುಕೂಲದ್ದು ಎಂದರೆ, ಅದರ ಹಿಂದೆ ಕೂತರೆ ಇಡೀ ಮನುಷ್ಯ ಕಾಣುವುದಿಲ್ಲ. ಅತ್ತೆಯ ಮನೆಯಿಂದ ತೆಂಗಿನಕಾಯಿ ಮೂಟೆ ತರಬೇಡ, ಆ್ಯವರೇಜ್ ಇಳಿಯುತ್ತದೆ. ಮಳೆಯಲ್ಲಿ ಬಸ್‌ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋಗಿ ಎಂದರೆ, ಅಷ್ಟು ಹತ್ತಿರಕ್ಕೆ ಎಂಜಿನ್ ಬಿಸಿಯಾಗುವುದರೊಳಗೆ ವಾಪಸ್ಸು, ಆ್ಯವರೇಜ್ ಇಳಿಯುತ್ತದೆ. ಅವಳು ತಲೆ ಒರೆಸಿಕೊಳ್ಳುತ್ತಾ ಒಳಗೆ ಬಂದಳು. ಕಾರು ಷೆಡ್ಡಿನಲ್ಲಿ ಒಣಗಿಕೊಂಡು ನಿಂತಿತ್ತು. ಇದನ್ನು ಬರೆಯುವಾಗ ನನಗೇ ನನ್ನ ಮೇಲೆ ಸಿಟ್ಟು ಬರುತ್ತಿದೆ. ಆಗ ಬರಲಿಲ್ಲ, ಅದೇ ತಮಾಷೆ.

ಹೀಗಿರುವಾಗ ಅವಳಿಗೆ ಬಡ್ತಿ ಬಂತು. ಮುಖ್ಯೋಪಾಧ್ಯಾಯಿನಿ! ಇಷ್ಟು ವರ್ಷ ಹೊಳೆನರಸೀಪುರದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ದುಡಿದದ್ದಕ್ಕೆ ಸಿಕ್ಕ ಕುರ್ಚಿ. ಆದರೆ ಆಗ ಖಾಲಿ ಇದ್ದ ಶಾಲೆ ಅರಕಲಗೂಡಿನಿಂದ ಇನ್ನೂ ಆಚೆ, ಒಳಗಿನ ಹಳ್ಳಿಯಲ್ಲಿ. ಹಾಸನದಿಂದ ಅರಕಲಗೂಡಿಗೆ ಬಸ್ಸೇನೋ ಉಂಟು. ಅಲ್ಲಿಂದ ಮುಂದಕ್ಕೆ ಬೆಳಿಗ್ಗೆ ಹೋಗುವ ಬಸ್ಸು ಪ್ರಾರ್ಥನೆ ಮುಗಿದ ಮೇಲೆ ತಲುಪುತ್ತದೆ. ಹೆಡ್‌ಮಿಸ್ಸೇ ತಡವಾಗಿ ಬಂದರೆ ಮಕ್ಕಳನ್ನು ಯಾವ ಬಾಯಲ್ಲಿ ಗದರುವುದು? ಮುಂದಿನ ವಾರ ಬೇಕು ಇಲ್ಲವೇ ಬೇಡ ಎಂದು ಹೇಳಿಬಿಡಬೇಕು. ಬೇಡ ಎಂದರೆ ಬಡ್ತಿ ಇನ್ನೊಬ್ಬರಿಗೆ. ಇವಳ ಸರದಿ ಮತ್ತೆ ಯಾವಾಗಲೋ. “ಕಾರಿದ್ರೆ ಆರಾಮಾಗಿ ಹೋಗಿ ಬರಬಹುದು” ಎಂದಳು, ನನ್ನ ಮುಖ ನೋಡದೆ, ಸೊಪ್ಪು ಬಿಡಿಸುತ್ತಾ. ನಾನು ಗಂಭೀರವಾಗಿ, “ಆ ರಸ್ತೆ ತಿರುವು, ಏರು. ಹದಿನಾರೂ ಬರಲ್ಲ. ನೋಡೋಣ, ನಾನೊಂದು ಅಂದಾಜು ಹಾಕ್ತೀನಿ” ಎಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಅವಳು ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಸೊಪ್ಪು ಬಿಡಿಸಿದಳು, ಹಾಗಾಗಿ ನನಗೆ ಒಳಗೊಳಗೇ ಇರುಸುಮುರುಸು.

ಆ ಭಾನುವಾರ ದುದ್ದಕ್ಕೆ ಹೋದೆವು. ದುದ್ದ ಅವಳ ತವರು. ಭಾಮೈದನ ಸಂಸಾರದ ಜೊತೆ ನಮ್ಮತ್ತೆ ಗೌರಮ್ಮ ಇದ್ದಾರೆ. ಮನೆಯ ಯಜಮಾನಿಕೆ ಅತ್ತೆಯದು, ಅತ್ತೆಯ ಯಜಮಾನಿಕೆ ರಾಣಿಯದು. ರಾಣಿ ಎಂದರೆ ಕಪ್ಪು ಬಿಳುಪಿನ ಸೀಮೆಹಸು. ಕೊಟ್ಟಿಗೆಯ ಪಕ್ಕ ನೆರಳು ಚೆನ್ನಾಗಿದೆ ಎಂದು ಕಾರನ್ನು ರಾಣಿಗೆ ಒತ್ತಿ ನಿಲ್ಲಿಸಿದೆ. ಒಳಗೆ ಹೆಂಗಸರು ಮಾತಿಗೆ ಕೂತರು; ನಾನು ಬಟ್ಟೆ ಹಿಡಿದು ಕಾರಿನ ಧೂಳು ಒರೆಸುತ್ತಾ, ಹಸುವಿಗೂ ಕಾರಿಗೂ ನಡುವೆ ನಿಂತಿದ್ದೆ. ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುತ್ತಿದ್ದ ಪಕ್ಕದ ಮನೆ ಕಾಳೇಗೌಡ ಬೇಲಿಯಾಚೆ ನಿಂತ. ನನ್ನ ಕಡೆ ಗದ್ದ ಎತ್ತಿ, “ಐಬ್ರೀಡಾ ಸಾ?” ಎಂದ.

ನನಗೆ ಆಶ್ಚರ್ಯ, ಆನಂದ. ಹಳ್ಳಿಯಲ್ಲೂ ತಿಳಿದವರಿದ್ದಾರೆ! “ಹೂಂ, ಸ್ಟ್ರಾಂಗ್ ಹೈಬ್ರಿಡ್ಡು” ಎಂದೆ.

“ಎಷ್ಟು ಕೊಡ್ತದೆ?”

ಪರದೆಯಲ್ಲಿ ಇದ್ದದ್ದು ಹತ್ತೊಂಬತ್ತು. ಕೇಳಿದವರು ಯಾರೇ ಆಗಲಿ, ಒಂದು ನಾಲ್ಕು ಸೇರಿಸಿ ಹೇಳುವುದು ಅಷ್ಟು ಹೊತ್ತಿಗೆ ನನಗೆ ಅಭ್ಯಾಸವಾಗಿತ್ತು. “ಇಪ್ಪತ್ಮೂರು” ಎಂದೆ.

ಅವನ ಕೈಯಿಂದ ಕ್ಯಾನು ಜಾರಿತು. “ಇಪ್ಪತ್ಮೂರಾ! ಎಲ್ಡೊತ್ತೂ ಸೇರಿಯಾ?”

ಹೋಗುವುದು ಬರುವುದು ಎರಡೂ ಸೇರಿ ಎಂದು ನಾನು ತಿಳಿದೆ. “ಎರಡೂ ಸೇರಿಯೇ. ಅದೇನು ಸುಮ್ನೆ ಬರಲ್ಲ ಗೌಡ್ರೇ, ನೋಡ್ಕೋಬೇಕು” ಎಂದೆ.

“ಎಂಗ್ ನೋಡ್ಕಂತೀರಾ ಸಾ? ವಸಿ ಯೋಳಿ.”

ಕೇಳಿದವನಿಗೆ ವಿದ್ಯೆ ಹೇಳದಿರುವುದು ನನ್ನ ಜಾಯಮಾನವಲ್ಲ. “ಮುಖ್ಯ, ನಿಧಾನಕ್ಕೆ ನಡೆಸಬೇಕು. ಬಿಸಿಲಲ್ಲಿ ನಿಲ್ಲಿಸಬಾರದು. ಮೇಲೆ ಭಾರ ಹಾಕಬಾರದು. ಬೆಳಿಗ್ಗೆ ಎದ್ದ ತಕ್ಷಣ ಅವಸರ ಮಾಡಬಾರದು, ಮೈ ಬಿಸಿಯಾಗೋವರೆಗೂ ತಾಳ್ಮೆ ಬೇಕು. ಇಳಿಜಾರಲ್ಲಿ ಬಿಟ್ರೆ ತಾನೇ ತುಂಬ್ಕೊಳ್ಳುತ್ತೆ” ಎಂದೆ.

“ತಾನೇ ತುಂಬ್ಕತದಾ!” ಎಂದು ಕಾಳೇಗೌಡ ಬಾಯಿಯ ಮೇಲೆ ಕೈಯಿಟ್ಟುಕೊಂಡ. ರಾಣಿಯನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿ ಸರಸರ ನಡೆದ. ವಿಜ್ಞಾನಕ್ಕೆ ಇಂಥ ಗೌರವ ನನ್ನ ತರಗತಿಯಲ್ಲಿ ಎಂದೂ ಸಿಕ್ಕಿದ್ದಿಲ್ಲ. ನಾನು ಸಂತೃಪ್ತನಾಗಿ ಊಟಕ್ಕೆ ಒಳಗೆ ಹೋದೆ.

ಮುದ್ದೆ ಮುಗಿದು ಅನ್ನಕ್ಕೆ ಬರುವುದರೊಳಗೆ ಹೊರಗೆ ಗದ್ದಲ. ಕೊಟ್ಟಿಗೆಯ ಮುಂದೆ ಜನ. ಒಬ್ಬ ಬಗ್ಗಿ ರಾಣಿಯ ಕೆಚ್ಚಲು ನೋಡುತ್ತಿದ್ದಾನೆ, ಇನ್ನೊಬ್ಬ, “ಈ ಸಲದ ಕರ ನಂಗೇ ಕೊಟ್ಬುಡಿ ಗೌರಕ್ಕೋ” ಎನ್ನುತ್ತಿದ್ದಾನೆ, ಮುದುಕಿಯೊಬ್ಬಳು, “ಇಪ್ಪತ್ಮೂರಂತೆ ಕಣ್ರವ್ವಾ, ಇಪ್ಪತ್ಮೂರು!” ಎಂದು ಕೆನ್ನೆ ಬಡಿದುಕೊಳ್ಳುತ್ತಿದ್ದಾಳೆ. ಅತ್ತೆ ಎಂಜಲು ಕೈಯಲ್ಲೇ ಎದ್ದು ಬಂದರು.

“ಯಾರ್ಲಾ ಯೋಳ್ದೋನು?” ಎಂದು ಗುಡುಗಿದರು.

“ನಿಮ್ ಅಳೀಮಯ್ಯನೇ ಯೋಳುದ್ರು ಕಣಮ್ಮೋ. ಇಳಿಜಾರಲ್ಲಿ ಬುಟ್ರೆ ತಾನೇ ತುಂಬ್ಕತದಂತೆ. ಮೇಷ್ಟ್ರು ಸುಳ್ ಯೋಳ್ತರಾ?” ಎಂದ ಕಾಳೇಗೌಡ.

ಮೇಷ್ಟ್ರು ನೀರು ಕುಡಿಯುವ ನೆಪದಲ್ಲಿ ಒಳಗೆ ಸರಿದರು. ಆದರೆ ಅತ್ತೆ ಬಿಡಬೇಕಲ್ಲ. “ಅಳಿಯಂದ್ರೇ, ಬನ್ನಿ ಈಚೆಗೆ. ನನ್ ಹಸ ಏನು ಟ್ಯಾಂಕರಾ, ಇಪ್ಪತ್ಮೂರು ಕೊಡಕ್ಕೆ?” ನಾನು ಕಾರಿನ ವಿಷಯ ಎಂದು ಬಿಡಿಸಿ ಹೇಳಿದೆ. ಬಂದವರೆಲ್ಲ ಒಂದು ಗಳಿಗೆ ಕಾರನ್ನು ನೋಡಿದರು, ಹಸುವನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಎದ್ದ ನಗು ಡೈರಿಯವರೆಗೂ ಕೇಳಿಸಿರಬೇಕು. ಕಾಳೇಗೌಡ ಮಾತ್ರ ನಗಲಿಲ್ಲ. “ಮೈ ಬಿಸಿ ಆಗೋಗಂಟ ತಾಳ್ಮೆ ಬೇಕು ಅಂದ್ರಲ್ಲ ಸಾ, ಅದೂ ಕಾರಿಂದೇಯಾ?” ಎಂದು ಬೇಸರದಿಂದ ಕೇಳಿ ಹೋದ.

ನಗುವೇನೋ ಮುಗಿಯಿತು. ಸಂಜೆ ಹಾಲು ಕರೆಯಲು ಕೂತರೆ ರಾಣಿ ಕೊಂಬು ಆಡಿಸಿ, ಒದ್ದು, ಚೊಂಬಿನ ತಳ ಮುಚ್ಚುವಷ್ಟು ಕೊಟ್ಟು ನಿಲ್ಲಿಸಿಬಿಟ್ಟಿತು. ಊರ ಕಣ್ಣೆಲ್ಲ ಬಿದ್ದಿದೆ ಎಂದು ಅತ್ತೆ ತೀರ್ಮಾನಿಸಿದರು. ಅಪರಿಚಿತರು ಬಂದು ಕೆಚ್ಚಲು ನೋಡಿದ್ದರಿಂದ ಹಸು ಬೆದರಿದೆ ಎಂದು ನಾನು ವೈಜ್ಞಾನಿಕವಾಗಿ ಹೇಳಲು ಹೋದೆ. “ನೀವ್ ಸುಮ್ಕಿರಿ ವಸಿ” ಎಂದರು. ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ಮುಷ್ಟಿಯಲ್ಲಿ ಹಿಡಿದು ರಾಣಿಗೆ ನಿವಾಳಿಸುತ್ತಾ ನನಗೆ ಪಾಠ ಮಾಡಿದರು: “ಯಾರಾದ್ರೂ ಎಷ್ಟು ಕೊಡ್ತದೆ ಅಂದ್ರೆ ಇರೋದ್ನ ಯೋಳ್ತಾರಾ? ನಮ್ಮನೇಲಿ ಅತ್ತು ಕೊಟ್ರೆ ಆರು ಅಂತೀವಿ. ಆರು ಕೊಟ್ರೆ ಮೂರು ಅಂತೀವಿ. ಕೇಳ್ದೋನು ಅಯ್ಯೋ ಪಾಪ ಅಂದ್ಕಂಡು ಓಗ್ಬೇಕು. ನೀವು ಓದ್ದೋರು, ಇಲ್ಲದ್ದ ಸೇರ್ಸಿ ಯೋಳ್ತೀರಲ್ಲ!” ಹಾಗೆಯೇ ಬಂದು, ಯಾವುದಕ್ಕೂ ಇರಲಿ ಎಂದು ಕಾರಿಗೂ ನಿವಾಳಿಸತೊಡಗಿದರು.

ಮಂಗಳ ಕೊಟ್ಟಿಗೆಯ ಕಂಬಕ್ಕೆ ಒರಗಿ, ಮಧ್ಯಾಹ್ನದಿಂದ ನಕ್ಕೂ ನಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಇದ್ದಕ್ಕಿದ್ದಂತೆ ನಗು ನಿಲ್ಲಿಸಿ ನನ್ನನ್ನೇ ನೋಡಿದಳು. “ಕಾರು ಎಷ್ಟು ಕೊಡುತ್ತೋ ಹಾಳಾಗಿ ಹೋಗಲಿ. ನೀವು ಕಾರು ಕೊಡ್ತೀರೋ ಇಲ್ವೋ, ಅದು ಹೇಳಿ” ಎಂದಳು.

ನಿವಾಳಿಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. “ಅದೇನೇ ಅದು?” ಎಂದರು ಅತ್ತೆ. ಬಡ್ತಿಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಆಗುತ್ತದೋ ಇಲ್ಲವೋ ಎಂಬ ಅನುಮಾನದಲ್ಲಿ ಮಂಗಳ ತಾಯಿಗೂ ಹೇಳಿರಲಿಲ್ಲ. ಈಗ ಎರಡು ಮಾತಿನಲ್ಲಿ ಹೇಳಿದಳು. “ಎಡ್‌ಮಿಸ್ಸಾ? ನನ್ ಮಗ್ಳಾ?” ಎಂದರು. ಅತ್ತೆಯ ದನಿ ನಡುಗಿದ್ದನ್ನು ನಾನು ಆವತ್ತೇ ಮೊದಲು ಕೇಳಿದ್ದು. ಕಾರನ್ನು ಬಿಟ್ಟು ಮಗಳ ಹತ್ತಿರ ಹೋಗಿ, ಅದೇ ಉಪ್ಪು ಮೆಣಸಿನಕಾಯಿಯಿಂದ ತಲೆಯಿಂದ ಕಾಲಿನವರೆಗೆ ನಿವಾಳಿಸಿ, ಒಲೆಗೆ ಹಾಕಿದರು. ಮೆಣಸಿನಕಾಯಿ ಸುಟ್ಟರೂ ಒಂದು ಚೂರು ಘಾಟು ಬರಲಿಲ್ಲ. ಘಾಟು ಬರದಿದ್ದರೆ ಕಣ್ಣು ಜೋರಾಗಿಯೇ ಬಿದ್ದಿದೆ ಎಂದು ಅರ್ಥ. “ಯಾರ್ದೋ ಏನೋ” ಎಂದು ಅತ್ತೆ ನನ್ನ ಕಡೆ ತಿರುಗಿದರು. ನನಗೆ ನಾಚಿಕೆಯಾಯಿತು ಎಂದು ನೇರವಾಗಿಯೇ ಹೇಳಿಬಿಡುತ್ತೇನೆ. ಹೆಂಡತಿಗೆ ಸಿಕ್ಕ ಕುರ್ಚಿಯನ್ನು ನಾನು ಕಿಲೋಮೀಟರಿನಲ್ಲಿ ಅಳೆಯುತ್ತಾ ಕೂತಿದ್ದೆ. ಜೇಬಿನಿಂದ ಕೀ ತೆಗೆದು ಅವಳ ಕೈಗಿಟ್ಟೆ. “ನಾಳೆ ಅರಕಲಗೂಡಿಗೆ ನೀನೇ ಓಡಿಸು, ರಸ್ತೆ ನೋಡ್ಕೊಂಡು ಬರೋಣ” ಎಂದೆ.

ಮಾರನೆಯ ದಿನ ಇಬ್ಬರೂ ರಜೆ ಹಾಕಿದೆವು. ಎಡಗಡೆಯ ಸೀಟಿನಲ್ಲಿ ಕೂತವನ ಕಷ್ಟ ಅನುಭವಿಸಿದವರಿಗೇ ಗೊತ್ತು. ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಮ್ಯಾಟು ಸುಕ್ಕಾಯಿತು. ಊರು ದಾಟುವುದರೊಳಗೆ ನಾನು, “ಎಂಜಿನ್ ಬಂತು, ಎಂಜಿನ್ ಬಂತು, ದೀಪ ಆರಿತು” ಎಂದು ಹಲವು ಸಲ ಅಂದಿರಬೇಕು. ಮಂಗಳ ರಸ್ತೆ ಬದಿಗೆ ನಿಲ್ಲಿಸಿ, ಬ್ಯಾಗಿನಿಂದ ಕರ್ಚೀಫು ತೆಗೆದು, ಹಸಿರು ದೀಪವಿರುವ ಮೂಲೆಯ ಮೇಲೆ ಹರಡಿದಳು. ವೇಗ ಮಾತ್ರ ಕಾಣುತ್ತಿತ್ತು. “ಈಗ ಹೊರಗೆ ನೋಡಿ” ಎಂದಳು. ನೋಡಿದೆ. ಕಾರು ಕೊಂಡ ಮೇಲೆ ನಾನು ರಸ್ತೆಯ ಅಕ್ಕಪಕ್ಕ ನೋಡಿಯೇ ಇರಲಿಲ್ಲ. ಗೊರೂರಿನ ದಾರಿಯಲ್ಲಿ ಇಷ್ಟು ನೀರಿದೆ, ರಾಗಿ ತೆನೆ ಹೀಗೆ ಬಾಗಿದೆ, ಆಲೂಗಡ್ಡೆ ಮೂಟೆ ಮೇಲೆ ಕೂತು ಯಾರೋ ಕಾಫಿ ಕುಡಿಯುತ್ತಿದ್ದಾರೆ. ಮಂಗಳ ಎದುರಿಗೆ ತಿರುವು ಕಂಡರೆ ದೂರದಿಂದಲೇ ಕಾಲು ಎತ್ತಿ, ಮೆತ್ತಗೆ ಬ್ರೇಕ್ ಮುಟ್ಟಿ, ಏರು ಬಂದರೆ ಮುಲಾಜಿಲ್ಲದೆ ಒತ್ತಿ, ಬಸ್ಸಿನವರ ಹಾಗೆ ಒಂದೇ ಹದದಲ್ಲಿ ಓಡಿಸಿದಳು. ಇಷ್ಟು ವರ್ಷ ಬಸ್ಸಿನಲ್ಲಿ ಡ್ರೈವರ್ ಹಿಂದೆ ಕಂಬಿ ಹಿಡಿದು ನಿಂತವಳು ಏನು ನೋಡಿಕೊಂಡು ಬಂದಿದ್ದಾಳೆ ಎಂದು ನನಗೆ ಹೊಳೆದದ್ದು ಆಗಲೇ.

ಶಾಲೆಯ ಗೇಟಿನ ಮುಂದೆ ನಿಲ್ಲಿಸಿದೆವು. ಹೆಂಚಿನ ಎರಡು ಕಟ್ಟಡ, ಹೊಸ ಬಣ್ಣದ ಒಂದು ಕಟ್ಟಡ, ನಡುವೆ ಮಣ್ಣಿನ ಅಂಗಳ. ಪ್ರಾರ್ಥನೆ ನಡೆಯುತ್ತಿತ್ತು. ನಾವು ಪ್ರಾರ್ಥನೆಯ ಹೊತ್ತಿಗೆ ತಲುಪಿದ್ದೆವು! ಮಂಗಳ ಕಾರಿನಿಂದ ಇಳಿದವಳು ಸೀರೆ ಸರಿಮಾಡಿಕೊಂಡು, ಯಾರೂ ಹೇಳದಿದ್ದರೂ, ಗೇಟಿನ ಆಚೆಯೇ ನೆಟ್ಟಗೆ ನಿಂತಳು. ಹಿಂದಿನ ಸಾಲಿನ ಹುಡುಗಿಯೊಬ್ಬಳು ತಿರುಗಿ ನೋಡಿ, ಪಕ್ಕದವಳ ಕಿವಿಯಲ್ಲಿ, “ವಸ ಎಡ್‌ಮಿಸ್ಸು ಇರ್ಬೇಕು ಕಣೇ, ಕಾರ್ ಓಡುಸ್ಕಂಡ್ ಬಂದವ್ರೆ” ಎಂದದ್ದು ನನಗೂ ಕೇಳಿಸಿತು. ಮಂಗಳಳ ಮುಖದಲ್ಲಿ ಆಗ ಬಂದ ಬೆಳಕಿಗೆ ಯಾವ ಕಂಪನಿಯೂ ಸಂಖ್ಯೆ ಕೊಟ್ಟಿಲ್ಲ. ವಾಪಸ್ಸು ಬರುವಾಗ ನಾನು ಕರ್ಚೀಫಿನ ಕಡೆ ಕೈ ಚಾಚಲಿಲ್ಲ. ಚಾಚಬೇಕು ಅನ್ನಿಸಿತು, ಅದನ್ನು ಮುಚ್ಚಿಡುವುದಿಲ್ಲ. ಆ ವಾರವೇ ಅವಳು ಹೋಗಿ, ಬಡ್ತಿ ಬೇಕು ಎಂದು ಹೇಳಿ ಬಂದಳು.

ಈಗ ಕಾರು ಹೆಡ್‌ಮಿಸ್ಸಿನದು. ಇದೇ ಸಮಯಕ್ಕೆ ಕಾದಿದ್ದ ಹಾಗೆ ನನ್ನ ಸ್ಕೂಟರು ಪ್ರಾಣ ಬಿಟ್ಟಿತು; ನಾನು ಸಿಟಿ ಬಸ್ಸು ಹಿಡಿದೆ. ಆದರೂ ಸಂಜೆ ಅವಳು ಬಂದ ತಕ್ಷಣ ಬಾಗಿಲಲ್ಲೇ, “ಎಷ್ಟು ಕೊಡ್ತು?” ಎನ್ನದೆ ನನಗೆ ಕಾಫಿ ಸೇರುವುದಿಲ್ಲ. “ಏನೋಪ್ಪ, ಹದಿನೆಂಟಿರಬೇಕು” ಎನ್ನುತ್ತಾಳೆ ಚಪ್ಪಲಿ ಬಿಡುತ್ತಾ. ಸತ್ಯ ಹೇಳಬೇಕೆಂದರೆ, ಒಳಗೊಳಗೇ ನನಗೆ ಖುಷಿ. ಚಪ್ಪಲಿ ಬಿಟ್ಟು, ಎ.ಸಿ. ಬಿಟ್ಟು, ಹೋಳಿಗೆ ಬಿಟ್ಟು ಓಡಿಸಿದರೂ ನನ್ನದು ಇಪ್ಪತ್ತೊಂದು ದಾಟಿರಲಿಲ್ಲ, ಆದರೂ ಅವಳದ್ದಕ್ಕಿಂತ ಮೇಲೆ ತಾನೇ? ಸ್ಟಾಫ್‌ರೂಮಿನಲ್ಲಿ, “ಪಾಪ, ಹೊಸಬಳು, ಕಲೀತಾಳೆ” ಎಂದು ಉದಾರವಾಗಿ ಮಾತಾಡುತ್ತಿದ್ದೆ. ಒಂದೆರಡು ಸಲ ಷೆಡ್ಡಿಗೆ ಹೋಗಿ ಕದ್ದು ನೋಡಿದೆ. ಪರದೆಯಲ್ಲಿ ಸೊನ್ನೆ. ತರಗತಿ ಮುಗಿದ ಮೇಲೆ ಬೋರ್ಡು ಒರೆಸುವ ಹಾಗೆ, ಅವಳು ದಿನಾ ಇಳಿಯುವ ಮುಂಚೆ ಅದನ್ನು ಒರೆಸಿಬಿಡುತ್ತಾಳೆ. ಮೇಷ್ಟರ ಜಾತಿಯ ಒಳ್ಳೆಯ ಅಭ್ಯಾಸ ಎಂದುಕೊಂಡು ಸುಮ್ಮನಾದೆ.

ಮೊನ್ನೆ ಮತ್ತೆ ದುದ್ದಕ್ಕೆ ಹೋಗಿದ್ದೆವು. ಓಡಿಸಿದವಳು ಅವಳು; ಡಿಕ್ಕಿಯಲ್ಲಿ ನನ್ನ ಕೊಡೆಯೂ ಇತ್ತು. ಬೇಲಿಯಾಚೆ ಕಾಳೇಗೌಡ ನಿಂತ. ಈ ಸಲ ಎಡವಟ್ಟು ಆಗಬಾರದೆಂದು ಬೆರಳು ಮಾಡಿ ತೋರಿಸಿ, “ಕಾರು ಕಣವ್ವಾ, ಹಸ ಅಲ್ಲ. ಕಾರು ಎಷ್ಟು ಕೊಡ್ತದೆ?” ಎಂದ. ಮಂಗಳ ಕಣ್ಣು ಮಿಟುಕಿಸದೆ, “ಏನೋ ಕಾಳಣ್ಣ, ಹದಿಮೂರೋ ಹದಿನಾಲ್ಕೋ” ಎಂದಳು. “ಅಯ್ಯೋ ಪಾಪ” ಎಂದು ಅವನು ಹೋದ. ಜಗಲಿಯ ಮೇಲೆ ಕೂತಿದ್ದ ಅತ್ತೆ ಎಲೆಗೆ ಸುಣ್ಣ ಸವರುತ್ತಾ ಮಗಳ ಕಡೆ ನೋಡಿ ಮೆಚ್ಚಿ ತಲೆಯಾಡಿಸಿದರು.

ನನ್ನ ತಲೆಯಲ್ಲಿ ಆಗ ಸಿಡಿಲು ಬಡಿಯಿತು. ಹತ್ತು ಕೊಟ್ಟರೆ ಆರು, ಆರು ಕೊಟ್ಟರೆ ಮೂರು ಎನ್ನುವ ಮನೆಯ ಮಗಳು ಇವಳು! ಹಾಗಾದರೆ ನನಗೆ ದಿನಾ ಹೇಳುವ ಹದಿನೆಂಟು ಎಂದರೆ ನಿಜವಾಗಿ ಎಷ್ಟು? ಪೆಟ್ರೋಲ್ ಹಾಕಿಸಲು ಅವಳು ಬಂಕಿಗೆ ಹೋಗುವುದು ಅಷ್ಟು ಅಪರೂಪವಾಗಿರುವುದು ಈಗ ನೆನಪಿಗೆ ಬಂತು. ಭೌತಶಾಸ್ತ್ರವೂ ಕೈಕೊಟ್ಟಿತು, ಅಂದರೆ ಅವಳ ಕಡೆ ಸೇರಿಕೊಂಡಿತು: ನಾನು ದೀಪದ ಆಸೆಗೆ ಬ್ಯಾಟರಿಯನ್ನು ಪೂರ್ತಿ ಹಿಂಡಿ, ಆಮೇಲೆ ಅದನ್ನು ತುಂಬಿಸಲು ಎಂಜಿನ್ನನ್ನು ಇಮ್ಮಡಿ ದುಡಿಸುತ್ತಿದ್ದೆ, ಅವಳು ಯಾವುದು ಯಾವಾಗ ಓಡಬೇಕೋ ಕಾರಿಗೇ ಬಿಟ್ಟು, ಹದವಾಗಿ ಬ್ರೇಕ್ ಮುಟ್ಟಿ ತುಂಬಿಸಿಕೊಳ್ಳುತ್ತಾಳೆ. ಮರುದಿನ ಬೆಳಿಗ್ಗೆ ಅವಳು ಹೊರಡುವಾಗ ಕಿಟಕಿಯ ಹತ್ತಿರ ನಿಂತು, “ನಿಜ ಹೇಳೇ, ಎಷ್ಟು ಕೊಡುತ್ತೆ?” ಎಂದು ಅಂಗಲಾಚಿದೆ.

“ಹೇಳಿದ್ರೆ ಕಣ್ಣು ಬೀಳುತ್ತೆ.”

“ಇಲ್ಲಿ ಯಾರಿದ್ದಾರೆ, ಯಾರ ಕಣ್ಣು?”

ಅವಳು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. ಕಾರು ಸದ್ದೇ ಇಲ್ಲದೆ ಗೇಟು ದಾಟಿ ಹೋಯಿತು.

ನಾನು ಬಸ್ಸು ಹತ್ತಿದೆ. ಜಾಗವಿರಲಿಲ್ಲ, ಕಂಬಿ ಹಿಡಿದು ನಿಂತೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಯಾವುದೋ ಕಚೇರಿಯಲ್ಲಿರುವವನು, ಕೂತಲ್ಲಿಂದಲೇ ನಮಸ್ಕಾರ ಮಾಡಿ, “ಸಾ, ನೀವು ಹೈಬ್ರಿಡ್ ತಗೊಂಡ್ರಂತೆ. ನಾನೂ ತಗೋಬೇಕು ಅಂತಿದೀನಿ. ಎಷ್ಟು ಕೊಡ್ತದೆ ಸಾ?” ಎಂದ. ಇಪ್ಪತ್ತೈದೋ ಇಪ್ಪತ್ತಾರೋ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅರಕಲಗೂಡಿನ ದಾರಿ, ಪ್ರಾರ್ಥನೆಯ ಹೊತ್ತಿಗೆ ಗೇಟಿನೊಳಗೆ ತಿರುಗುವ ಕಾರು ಕಣ್ಮುಂದೆ ಬಂತು. ಆ ಕಾರಿಗೆ, ಆ ಕಾರು ಓಡಿಸುವವಳಿಗೆ ಯಾರ ಕಣ್ಣೂ ಬೀಳಬಾರದು ಅನ್ನಿಸಿತು. ಭೌತಶಾಸ್ತ್ರವನ್ನು ಮನಸ್ಸಿನಲ್ಲೇ ಕ್ಷಮೆ ಕೇಳಿ, “ಏನೋಪ್ಪ, ಹನ್ನೆರಡು ಬಂದ್ರೆ ಹೆಚ್ಚು” ಎಂದೆ.

ಅವನ ಮುಖ ಮರುಕದಿಂದ ಬಾಡಿತು. “ಅಯ್ಯೋ ಪಾಪ, ಅದ್ಕೇ ಬಸ್ಸಲ್ಲಿ ಓಡಾಡ್ತಿದೀರಾ ಸಾ?” ಎಂದವನೇ ಎದ್ದು ನಿಂತು, ತನ್ನ ಸೀಟು ನನಗೆ ಬಿಟ್ಟುಕೊಟ್ಟ.